ಪ್ರದರ್ಶನದ ಮಾದರಿಗೆ ಯಾವ ಗಸ್ತು ನೌಕೆ? ಕಾರ್ ನಿಕೋಬಾರ್, ರಾಣಿ ಅಬ್ಬಕ್ಕ, ಸರಯೂ ವರ್ಗಗಳ ಹೋಲಿಕೆ

ದಾವಣಗೆರೆಯವರು ಕಡಲು ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೂ ವಿಜ್ಞಾನ ಪ್ರದರ್ಶನದ ದಿನಗಳು ಹತ್ತಿರವಾದಂತೆ ಯುದ್ಧನೌಕೆಯ ಮಾದರಿ ಮಾಡುತ್ತೇವೆಂದು ನಮ್ಮ ಪ್ರಯೋಗಾಲಯಕ್ಕೆ ಬರುವ ವಿದ್ಯಾರ್ಥಿಗಳಿಗೆ ಯಾವ ವರ್ಷವೂ ಕೊರತೆಯಿಲ್ಲ. ಹೆಚ್ಚಿನವರು ಮೊದಲು ಕೇಳುವುದು ವಿಮಾನವಾಹಕ ವಿಕ್ರಾಂತ್ ಬಗ್ಗೆ. ಅದರ ಉದ್ದ 262 ಮೀಟರ್. ನೂರನೆಯ ಒಂದು ಅಳತೆಗೆ ಇಳಿಸಿದರೂ ಮಾದರಿ ಎರಡೂವರೆ ಮೀಟರ್ ದಾಟುತ್ತದೆ, ನಿಜವಾದ ನೌಕೆಯಂತೆ ನೀರಿನಲ್ಲಿ ಕೂರಬೇಕಾದರೆ ನಲವತ್ತು ಕಿಲೋಗ್ರಾಂಗಿಂತ ಹೆಚ್ಚು ತೂಗಬೇಕು, ಪ್ರಯೋಗಾಲಯದ ಬಾಗಿಲಿನಿಂದ ಹೊರಗೆ ತರುವುದೇ ಒಂದು ಪ್ರಯೋಗವಾಗುತ್ತದೆ. ನೀರಿನಲ್ಲಿ ತೇಲಿ ಸಾಗುವ ಮಾದರಿ ಬೇಕೆನ್ನುವವರನ್ನು ನಾನು ಗಸ್ತು ನೌಕೆಗಳ ಕಡೆಗೆ ತಿರುಗಿಸುತ್ತೇನೆ. ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ಮುಂದಿನ ಪ್ರಶ್ನೆ. ಫಿರಂಗಿ ಎಷ್ಟು ದೊಡ್ಡದು, ವೇಗ ಎಷ್ಟು ಎಂದು ನೋಡಿ ಆರಿಸಿದವರು ಸಾಮಾನ್ಯವಾಗಿ ತಪ್ಪು ಮಾಡುತ್ತಾರೆ.

ಗಸ್ತು ನೌಕೆಯ ಅಳತೆಯನ್ನು ನಿರ್ಧರಿಸುವುದು ಅದು ದಡದಿಂದ ಎಷ್ಟು ದೂರ ಹೋಗಬೇಕು, ಅಲ್ಲಿ ಎಷ್ಟು ದಿನ ನಿಲ್ಲಬೇಕು ಎಂಬ ಎರಡು ಸಂಗತಿಗಳು. 1976ರ ಕಡಲ ವಲಯಗಳ ಕಾಯಿದೆಯ ಪ್ರಕಾರ ಭಾರತದ ಪ್ರಾದೇಶಿಕ ಜಲವ್ಯಾಪ್ತಿ 12 ನಾಟಿಕಲ್ ಮೈಲಿ, ಮೀನು, ತೈಲದಂತಹ ಕಡಲ ಸಂಪತ್ತಿನ ಹಕ್ಕು ನಮ್ಮದಾಗಿರುವ ವಿಶೇಷ ಆರ್ಥಿಕ ವಲಯ 200 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್, ಆದ್ದರಿಂದ ಎರಡನೆಯ ಗೆರೆ ದಡದಿಂದ ಸುಮಾರು 370 ಕಿಲೋಮೀಟರ್ ಆಚೆಗಿದೆ, ಅಂದರೆ ದಾವಣಗೆರೆಯಿಂದ ಹೊರಟು ಬೆಂಗಳೂರನ್ನು ದಾಟಿ ಇನ್ನೂ ನೂರು ಕಿಲೋಮೀಟರ್ ಹೋದಷ್ಟು ದೂರ. ಮೊದಲ ಗೆರೆಯ ಆಸುಪಾಸಿನಲ್ಲಿ ಕಳ್ಳದೋಣಿಯ ಬೆನ್ನಟ್ಟುವ ನೌಕೆಗೂ ಎರಡನೆಯ ಗೆರೆಯಾಚೆ ವಾರಗಟ್ಟಲೆ ನಿಲ್ಲುವ ನೌಕೆಗೂ ಒಡಲಿನ ಆಕಾರವೇ ಬೇರೆ.

ಮೊದಲನೆಯ ಬಗೆಗೆ ಕಾರ್ ನಿಕೋಬಾರ್ ವರ್ಗ ಒಳ್ಳೆಯ ನಿದರ್ಶನ. ವರ್ಗವೆಂದರೆ ಒಂದೇ ವಿನ್ಯಾಸದಂತೆ ಕಟ್ಟಿದ ನೌಕೆಗಳ ಗುಂಪು, ಸಾಮಾನ್ಯವಾಗಿ ಮೊದಲ ನೌಕೆಯ ಹೆಸರೇ ಗುಂಪಿನ ಹೆಸರು. ಕೋಲ್ಕತ್ತದ ಗಾರ್ಡನ್ ರೀಚ್ ಹಡಗು ಕಟ್ಟೆಯು ಕರಾವಳಿ ರಕ್ಷಣೆಯ ಸಣ್ಣ ದೋಣಿಗಳನ್ನು ದಶಕಗಳಿಂದ ಕಟ್ಟುತ್ತ ಬಂದಿತ್ತು. ಆ ಪರಂಪರೆಯಲ್ಲಿಯೇ 2000ದ ಹೊತ್ತಿಗೆ ಟ್ರಿಂಕಟ್ ವರ್ಗ, 2006ರ ಹೊತ್ತಿಗೆ ಬಂಗಾರಂ ವರ್ಗ ಬಂದವು. ಅವೆರಡೂ ಪ್ರೊಪೆಲ್ಲರ್ ದೋಣಿಗಳು, ವೇಗ 30 ನಾಟ್‌ನ ಆಸುಪಾಸು. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಮುಂದಿನ ಹೆಜ್ಜೆಯಲ್ಲಿ ಪ್ರೊಪೆಲ್ಲರ್ ಕೈಬಿಟ್ಟು ವಾಟರ್‌ಜೆಟ್ ಅಳವಡಿಸಲಾಯಿತು. 2006ರಲ್ಲಿ ಒಪ್ಪಂದವಾದ ಹತ್ತು ದೋಣಿಗಳ ಪೈಕಿ ಮೊದಲಿನವಾದ ಕಾರ್ ನಿಕೋಬಾರ್ ಮತ್ತು ಚೆಟ್ಲಾಟ್ 2009ರ ಫೆಬ್ರವರಿಯಲ್ಲಿ ನೌಕಾಪಡೆಗೆ ಸೇರಿದವು. 2008ರ ನವೆಂಬರ್‌ನ ಮುಂಬೈ ದಾಳಿಯ ಬೆನ್ನಿಗೇ ಸೇರ್ಪಡೆಯಾದ ಕಾರಣ ಇವನ್ನು ಆ ದಾಳಿಯ ನಂತರ ರೂಪಿಸಿದ ದೋಣಿಗಳೆಂದು ಭಾಷಣಗಳಲ್ಲಿ ಹೇಳುವುದುಂಟು. ದಿನಾಂಕಗಳನ್ನು ನೋಡಿದರೆ ಅದು ಸರಿಯಲ್ಲವೆಂದು ತಿಳಿಯುತ್ತದೆ. ಹೆಸರುಗಳಲ್ಲಿ ಬಹುಪಾಲು ನಮ್ಮ ದ್ವೀಪಗಳವು. ಇದೇ ವಿನ್ಯಾಸವನ್ನು ತುಸು ತಿದ್ದಿ ಕಟ್ಟಿದ ನಾಲ್ಕು ದೋಣಿಗಳು 2016 ಮತ್ತು 2017ರಲ್ಲಿ ಬಂದವು. ಅವುಗಳಲ್ಲಿ ತಿಲ್ಲಾಂಚಾಂಗ್ ಸೇರ್ಪಡೆಯಾದದ್ದು ನಮ್ಮ ಕಾರವಾರದಲ್ಲಿ, 2017ರ ಮಾರ್ಚ್‌ನಲ್ಲಿ.

ಇದರ ಉದ್ದ ಸುಮಾರು 48 ಮೀಟರ್, ಅಗಲ 7.5 ಮೀಟರ್, ತೂಕ ಸುಮಾರು 325 ಟನ್. ಹಡಗಿನ ತೂಕವೆಂದರೆ ಅದು ಪಕ್ಕಕ್ಕೆ ತಳ್ಳುವ ನೀರಿನ ತೂಕವೇ. ಆರ್ಕಿಮಿಡೀಸನ ಪಾಠವನ್ನು ಇಲ್ಲಿ ಮರೆಯಬಾರದು. ತಲಾ 2,720 ಕಿಲೋವ್ಯಾಟ್‌ನ ಎಂಟಿಯು ಕಂಪನಿಯ ಮೂರು ಡೀಸೆಲ್ ಎಂಜಿನ್‌ಗಳು ಮೂರು ವಾಟರ್‌ಜೆಟ್‌ಗಳನ್ನು ತಿರುಗಿಸುತ್ತವೆ. ವೇಗ 35 ನಾಟ್, ಅಂದರೆ ಗಂಟೆಗೆ 65 ಕಿಲೋಮೀಟರ್. ಹೆದ್ದಾರಿಯಲ್ಲಿ ಬೈಕ್ ಓಡಿಸುವ ಹುಡುಗರಿಗೆ ಈ ಸಂಖ್ಯೆ ನಗು ತರಿಸುತ್ತದೆ. ಆಗ ಇನ್ನೊಂದು ಲೆಕ್ಕ ಕೊಡುತ್ತೇನೆ: ತುಂಬಿದ ದೊಡ್ಡ ಲಾರಿಗೆ ಟನ್ ಒಂದಕ್ಕೆ ನಾಲ್ಕೈದು ಕಿಲೋವ್ಯಾಟ್ ಶಕ್ತಿ ಸಾಕು, ಈ ದೋಣಿಗೆ ಟನ್ ಒಂದಕ್ಕೆ 25 ಕಿಲೋವ್ಯಾಟ್ ಬೇಕು. ನೀರನ್ನು ಸೀಳಿಕೊಂಡು ಹೋಗುವುದಕ್ಕೆ ತೆರಬೇಕಾದ ಬೆಲೆ ಅಷ್ಟು. ಸುಮಾರು 13 ನಾಟ್‌ನ ಸಾವಧಾನದ ವೇಗದಲ್ಲಿ ಹೋದರೆ ಒಮ್ಮೆ ತುಂಬಿಸಿದ ಇಂಧನದಲ್ಲಿ 2,000 ನಾಟಿಕಲ್ ಮೈಲಿ ಕ್ರಮಿಸಬಹುದು. ಅದು ಆರು ದಿನಗಳ ಲೆಕ್ಕ. ಮುಂಭಾಗದಲ್ಲಿ 30 ಮಿಲಿಮೀಟರ್‌ನ ಒಂದು ಫಿರಂಗಿ ಇದೆ.

ವಾಟರ್‌ಜೆಟ್ ಎಂದರೆ ದೋಣಿಯ ತಳದ ಬಾಯಿಯಿಂದ ನೀರನ್ನು ಹೀರಿ, ಒಳಗಿನ ರೆಕ್ಕೆಗಾಲಿಯಿಂದ ಒತ್ತಡ ಕೊಟ್ಟು, ಹಿಂಭಾಗದ ಕಿರಿದಾದ ಮೂತಿಯಿಂದ ಹೊರಗೆ ಚಿಮ್ಮಿಸುವ ವ್ಯವಸ್ಥೆ. ತೋಟದ ಪಂಪ್‌ಸೆಟ್ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೂತಿಯನ್ನೇ ಎಡಕ್ಕೆ ಬಲಕ್ಕೆ ತಿರುಗಿಸುವುದರಿಂದ ಚುಕ್ಕಾಣಿಯ ಹಲಗೆ ಬೇಡ. ಚಿಮ್ಮುವ ನೀರಿಗೆ ಬಕೆಟ್‌ನಂತಹ ತಡೆ ಅಡ್ಡ ಬಂದರೆ ದೋಣಿ ಹಿಂದಕ್ಕೆ ಸರಿಯುತ್ತದೆ. ತಳದಿಂದ ಕೆಳಗೆ ಏನೂ ಚಾಚಿಕೊಂಡಿರದ ಕಾರಣ ಆಳವಿಲ್ಲದ ನೀರಿನಲ್ಲಿಯೂ ಮೀನುಬಲೆಗಳ ನಡುವೆಯೂ ಹೆದರಿಕೆ ಕಡಿಮೆ. ಆದರೆ ನಿಧಾನದ ವೇಗದಲ್ಲಿ ಜೆಟ್‌ನ ದಕ್ಷತೆ ಪ್ರೊಪೆಲ್ಲರ್‌ಗಿಂತ ಕಡಿಮೆ. ವೇಗಕ್ಕೆಂದೇ ಹುಟ್ಟಿದ ಸಾಧನವನ್ನು ಗಸ್ತಿನ ಬಹುಪಾಲು ಸಮಯ ನಿಧಾನವಾಗಿ ಓಡಿಸಬೇಕಾಗುವುದು ಈ ವಿನ್ಯಾಸದ ದೊಡ್ಡ ರಾಜಿ ಎಂಬುದು ನನ್ನ ಅಭಿಪ್ರಾಯ.

ಸಣ್ಣ ದೋಣಿಯೆಂದರೆ ದಡದ ಮಗ್ಗುಲಿಗೇ ಸೀಮಿತವೆಂದು ಭಾವಿಸಬೇಕಿಲ್ಲ. 2011ರ ಜನವರಿ 28ರಂದು ಈ ವರ್ಗದ ಕಂಕರ್ಸೋ ಲಕ್ಷದ್ವೀಪದ ಬಳಿ ಸೊಮಾಲಿ ಕಡಲ್ಗಳ್ಳರು ನೆಲೆಯಾಗಿ ಬಳಸುತ್ತಿದ್ದ ಪ್ರಾಂತಲಯ್ 14 ಎಂಬ ಮೀನುಗಾರಿಕಾ ಹಡಗನ್ನು ಎದುರಿಸಿತು. 15 ಕಡಲ್ಗಳ್ಳರು ಸೆರೆಯಾದರು, 20 ಮೀನುಗಾರರು ಬಿಡುಗಡೆಯಾದರು. ಅದೇ ವರ್ಷದ ಮಾರ್ಚ್‌ನಲ್ಲಿ ಕಲ್ಪೇನಿ ದೋಣಿಯ ಕಾರ್ಯಾಚರಣೆಯಲ್ಲಿ ವೇಗಾ 5 ಎಂಬ ಹಡಗಿನಿಂದ 61 ಕಡಲ್ಗಳ್ಳರು ಸಿಕ್ಕಿಬಿದ್ದರು. ಪ್ರದರ್ಶನದ ಫಲಕಕ್ಕೆ ಬರೆಯಲು ಇಂಥ ಕಥೆಗಳು ಈ ವರ್ಗದಲ್ಲಿ ಧಾರಾಳವಾಗಿವೆ.

ರಾಣಿ ಅಬ್ಬಕ್ಕ ವರ್ಗವು ನೌಕಾಪಡೆಯದಲ್ಲ, ಕರಾವಳಿ ಕಾವಲು ಪಡೆಯದು. ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ಕಟ್ಟಿದ ಐದು ನೌಕೆಗಳಲ್ಲಿ ಮೊದಲನೆಯದು 2012ರ ಜನವರಿಯಲ್ಲಿ ಸೇವೆಗೆ ಸೇರಿತು. ಉದ್ದ 51 ಮೀಟರ್, ತೂಕ ಸುಮಾರು 275 ಟನ್, ವೇಗ 34 ನಾಟ್. ಇಲ್ಲಿಯೂ ಮೂರು ಎಂಜಿನ್, ಮೂರು ಜೆಟ್. ಲೆಕ್ಕದಲ್ಲಿ ಕಾರ್ ನಿಕೋಬಾರ್‌ಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಕಾವಲು ಪಡೆಗೆಂದೇ ಗಾರ್ಡನ್ ರೀಚ್ ಕಟ್ಟಿದ ರಾಜಶ್ರೀ ವರ್ಗ ಮತ್ತು ಕೊಚ್ಚಿ ಹಡಗು ಕಟ್ಟೆ 2010ರ ಒಪ್ಪಂದದಂತೆ 2016ರ ಒಳಗೆ ಕಟ್ಟಿಕೊಟ್ಟ ಆದೇಶ್ ವರ್ಗದ 20 ದೋಣಿಗಳೂ ಇದೇ ಅಚ್ಚಿನವು. ಆದ್ದರಿಂದ ಈ ಮೂರು ನಾಲ್ಕು ವರ್ಗಗಳ ನಡುವಿನ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬೂದು ಬಣ್ಣ ಬೇಕೋ ಬಿಳಿ ಒಡಲಿನ ಮೇಲೆ ಓರೆ ಪಟ್ಟಿ ಬೇಕೋ ಎಂಬುದಷ್ಟೇ ಪ್ರಶ್ನೆ. ಆದರೂ ಉಳ್ಳಾಲದ ರಾಣಿಯ ಹೆಸರಿನ ಸೆಳೆತ ಸಣ್ಣದಲ್ಲ. ಚಿತ್ರದುರ್ಗದ ಕಡೆಯಿಂದ ಬರುವ ವಿದ್ಯಾರ್ಥಿನಿಯರು ಪ್ರತಿ ಬಾರಿಯೂ ಓಬವ್ವನ ಹೆಸರಿನ ನೌಕೆ ಯಾವುದೆಂದು ಕೇಳುತ್ತಾರೆ. ಪೋರ್ಚುಗೀಸರನ್ನು ಎದುರಿಸಿದವಳ ಹೆಸರು ಕಡಲಿಗೆ ಹೊಂದುತ್ತದೆ, ಕೋಟೆಯ ಕಿಂಡಿ ಕಾಯ್ದವಳ ಹೆಸರು ಗಸ್ತು ನೌಕೆಗೆ ಅದಕ್ಕಿಂತಲೂ ಚೆನ್ನಾಗಿ ಹೊಂದುತ್ತಿತ್ತು ಎಂದು ನನಗೂ ಅನ್ನಿಸಿದ್ದಿದೆ.

ಸರಯೂ ವರ್ಗ ಬೇರೆಯದೇ ಬಗೆ. ದೂರದ ಗಸ್ತಿಗೆ ನೌಕಾಪಡೆಯು 1989ರಿಂದ ಸುಕನ್ಯಾ ವರ್ಗವನ್ನು ಬಳಸುತ್ತಿತ್ತು. ಅವುಗಳಲ್ಲಿ ಮೊದಲ ಮೂರು ದಕ್ಷಿಣ ಕೊರಿಯಾದಲ್ಲಿ, ಉಳಿದ ನಾಲ್ಕು ವಿಶಾಖಪಟ್ಟಣದಲ್ಲಿ ನಿರ್ಮಾಣವಾದವು. 101 ಮೀಟರ್ ಉದ್ದವಿದ್ದರೂ ಅವುಗಳ ವೇಗ 21 ನಾಟ್ ಅಷ್ಟೇ, ಫಿರಂಗಿಯೂ 40 ಮಿಲಿಮೀಟರ್‌ನದು. ನಾಲ್ಕರಲ್ಲಿ ಒಂದು ಸರಯೂ ಎಂಬ ಹೆಸರಿನದೇ. ಅದು 2000ದಲ್ಲಿ ಶ್ರೀಲಂಕಾಕ್ಕೆ ಹೋಯಿತು. ಅದೇ ಹೆಸರನ್ನು ಹೊತ್ತ ಹೊಸ ನೌಕೆಯನ್ನು ಗೋವಾ ಹಡಗು ಕಟ್ಟೆ ಕಟ್ಟಿ 2013ರ ಜನವರಿಯಲ್ಲಿ ಒಪ್ಪಿಸಿತು. ಸುನಯನಾ, ಸುಮೇಧಾ, ಸುಮಿತ್ರಾ 2014ರ ಒಳಗೆ ಬಂದವು. ಉದ್ದ 105 ಮೀಟರ್, ಅಗಲ 12.9 ಮೀಟರ್, ತೂಕ ಸುಮಾರು 2,230 ಟನ್. ಎರಡು ಪೀಲ್‌ಸ್ಟಿಕ್ ಡೀಸೆಲ್ ಎಂಜಿನ್, ಎರಡು ಪ್ರೊಪೆಲ್ಲರ್, 25 ನಾಟ್ ವೇಗ. 16 ನಾಟ್‌ನಲ್ಲಿ ಸಾಗಿದರೆ 6,000 ನಾಟಿಕಲ್ ಮೈಲಿ, ಅಂದರೆ ಹದಿನೈದು ದಿನಕ್ಕೂ ಮೀರಿದ ಪಯಣ. ಮುಂದೆ 76 ಮಿಲಿಮೀಟರ್ ಫಿರಂಗಿ, ಹಿಂದೆ ಹೆಲಿಕಾಪ್ಟರ್ ಇಳಿಯುವ ಡೆಕ್ ಮತ್ತು ಅದರ ಗೂಡು.

ಈ ವರ್ಗದ ಯೋಗ್ಯತೆ ತಿಳಿಯಬೇಕಾದರೆ ಫಿರಂಗಿಯನ್ನಲ್ಲ, ಡೆಕ್ಕಿನ ಜಾಗವನ್ನು ನೋಡಬೇಕು. 2015ರ ಮಾರ್ಚ್ ಕೊನೆಯಲ್ಲಿ ಯೆಮನ್‌ನ ಏಡನ್ ಬಂದರಿನಿಂದ ಸುಮಿತ್ರಾ ಒಂದೇ ಸುತ್ತಿನಲ್ಲಿ 349 ಭಾರತೀಯರನ್ನು ಹೊತ್ತು ತಂದಿತು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನ ಯುದ್ಧದ ನಡುವೆ ಸಿಲುಕಿದವರ ಪೈಕಿ ನಮ್ಮ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನರೂ ಇದ್ದರು. ಆಗ ಇಲ್ಲಿನ ಮನೆಗಳಲ್ಲಿ ಟಿವಿ ಮುಂದೆ ಕುಳಿತವರ ಬಾಯಲ್ಲಿ ಪೋರ್ಟ್ ಸುಡಾನ್ ಎಂಬ ಹೆಸರು ಹೊಳಲ್ಕೆರೆಯಷ್ಟೇ ಸಲೀಸಾಗಿ ಬರುತ್ತಿತ್ತು. ಆ ಬಂದರಿನಿಂದ ಮೊದಲ ತಂಡದ 278 ಜನರನ್ನು ಜೆಡ್ಡಾಕ್ಕೆ ಒಯ್ದದ್ದು ಸುಮೇಧಾ. 48 ಮೀಟರಿನ ವೇಗದ ದೋಣಿಯಿಂದ ಈ ಕೆಲಸವಾಗುತ್ತಿರಲಿಲ್ಲ. ಅಷ್ಟು ಜನರಿಗೆ ನಿಲ್ಲಲೂ ಅಲ್ಲಿ ಜಾಗವಿಲ್ಲ. 2025ರ ಏಪ್ರಿಲ್‌ನಲ್ಲಿ ಒಂಬತ್ತು ಮಿತ್ರರಾಷ್ಟ್ರಗಳ ನಾವಿಕರೊಂದಿಗೆ ಹಿಂದೂ ಮಹಾಸಾಗರದ ಸುತ್ತಾಟಕ್ಕೆ ಕಾರವಾರದಿಂದ ಹೊರಟ ಸುನಯನಾ ಕೂಡ ಇದೇ ವರ್ಗದ್ದು.

ಈಗ ಮಾದರಿಯ ಲೆಕ್ಕಕ್ಕೆ ಬರೋಣ. ಉದ್ದವನ್ನು ಎಷ್ಟು ಪಟ್ಟು ಇಳಿಸುತ್ತೇವೆಯೋ ತೂಕ ಅದರ ಘನದಷ್ಟು ಪಟ್ಟು ಇಳಿಯುತ್ತದೆ, ವೇಗ ಅದರ ವರ್ಗಮೂಲದಷ್ಟು ಪಟ್ಟು ಮಾತ್ರ ಇಳಿಯುತ್ತದೆ. ವೇಗದ ಈ ನಿಯಮ 19ನೆಯ ಶತಮಾನದ ಇಂಗ್ಲಿಷ್ ಎಂಜಿನಿಯರ್ ವಿಲಿಯಂ ಫ್ರೂಡ್ ಅವರದು. ಇದರಂತೆ ಕಾರ್ ನಿಕೋಬಾರ್ ನಲವತ್ತನೆಯ ಒಂದು ಅಳತೆಯಲ್ಲಿ 1.2 ಮೀಟರ್ ಉದ್ದ, 19 ಸೆಂಟಿಮೀಟರ್ ಅಗಲ, 5 ಕಿಲೋಗ್ರಾಂ ತೂಕದ ಮಾದರಿಯಾಗುತ್ತದೆ. ಅದರ ವೇಗ ಸೆಕೆಂಡಿಗೆ 2.8 ಮೀಟರ್ ಇರಬೇಕು. ಸರಯೂ ಎಪ್ಪತ್ತೈದನೆಯ ಒಂದು ಅಳತೆಯಲ್ಲಿ 1.4 ಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ, 5.3 ಕಿಲೋಗ್ರಾಂ ತೂಗುತ್ತದೆ. ವೇಗ ಸೆಕೆಂಡಿಗೆ 1.5 ಮೀಟರ್. ಎರಡನ್ನೂ ಆಟೋದ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ, ಒಂದು ತುದಿಯನ್ನು ತುಸು ಹೊರಗೆ ಬಿಟ್ಟು ಒಯ್ಯಬಹುದು. ತೂಕವೂ ಹೆಚ್ಚುಕಡಿಮೆ ಒಂದೇ. ಆದರೆ ವೇಗದಲ್ಲಿ ಎರಡರಷ್ಟು ಅಂತರ, ಮತ್ತು ಆಯ್ಕೆಯ ಗುಟ್ಟು ಇರುವುದು ಅಲ್ಲಿಯೇ.

ಸಾಗುವ ಹಡಗು ತನ್ನದೇ ಅಲೆಗಳನ್ನು ಎಬ್ಬಿಸುತ್ತದೆ. ವೇಗ ಏರಿದಂತೆ ಅಲೆಯ ಉದ್ದವೂ ಏರುತ್ತದೆ. ಅಲೆಯ ಉದ್ದ ಹಡಗಿನ ಉದ್ದಕ್ಕೆ ಸಮನಾದಾಗ ಒಂದು ಏರು ಮೂತಿಯ ಬಳಿ, ಇನ್ನೊಂದು ಏರು ಹಿಂಭಾಗದ ಬಳಿ ನಿಂತು, ಹಡಗು ನಡುವಿನ ತಗ್ಗಿನಲ್ಲಿ ಕೂರುತ್ತದೆ. ಅದನ್ನು ಮೀರಲು ತುಂಬ ಹೆಚ್ಚಿನ ಶಕ್ತಿ ಬೇಕು. 105 ಮೀಟರಿಗೆ ಈ ಮಿತಿಯನ್ನು ಲೆಕ್ಕ ಹಾಕಿದರೆ 25 ನಾಟ್ ಬರುತ್ತದೆ; ಸರಯೂವಿನ ಗರಿಷ್ಠ ವೇಗ ಸರಿಯಾಗಿ ಅಲ್ಲಿಗೇ ನಿಂತಿದೆ. 48 ಮೀಟರಿಗೆ ಅದೇ ಮಿತಿ ಸುಮಾರು 17 ನಾಟ್. ಕಾರ್ ನಿಕೋಬಾರ್ ಅದರ ಎರಡು ಪಟ್ಟು ವೇಗದಲ್ಲಿ ಓಡುತ್ತದೆ, ಅಂದರೆ ಅಲೆಯ ಮೇಲೆ ಹತ್ತಿ ಅರ್ಧ ಜಾರುತ್ತ ಹೋಗುತ್ತದೆ. ಟನ್ ಒಂದಕ್ಕೆ 25 ಕಿಲೋವ್ಯಾಟ್ ಖರ್ಚಾಗುವುದು ಇದಕ್ಕಾಗಿಯೇ. ಕರಿಹಲಗೆಯ ಮೇಲೆ ಅರ್ಧ ಗಂಟೆ ಹೇಳಿದರೂ ಹತ್ತದ ಈ ಮಾತು ಮಾದರಿಯನ್ನು ಪಕ್ಕದಿಂದ ಫೋಟೋ ತೆಗೆದರೆ ಒಂದೇ ನೋಟಕ್ಕೆ ಹತ್ತುತ್ತದೆ: ಸರಯೂವಿನ ಪಕ್ಕದಲ್ಲಿ ಎರಡು ಏರು, ನಡುವೆ ಒಂದು ತಗ್ಗು, ಕಾರ್ ನಿಕೋಬಾರ್‌ನ ಮೂತಿ ಮೇಲಕ್ಕೆದ್ದು ಹಿಂದೆ ಉದ್ದನೆಯ ಬಿಳಿ ಗೀಟು.

ಹೀಗಾಗಿ ನಾನು ಮೊದಲು ಕೇಳುವ ಪ್ರಶ್ನೆ, ನಿಮ್ಮ ಹತ್ತಿರ ಇರುವ ನೀರು ಯಾವುದು ಎಂಬುದು. ಪ್ರದರ್ಶನದ ಮಳಿಗೆಯಲ್ಲಿ ಇಟ್ಟಿಗೆ ಜೋಡಿಸಿ ತಾಡಪಾಲು ಹಾಸಿದ ಹದಿನೈದು ಅಡಿಯ ತೊಟ್ಟಿಯಾದರೆ ಕಾರ್ ನಿಕೋಬಾರ್ ಬೇಡ. ಅದರ ವೇಗಕ್ಕೆ ಆ ತೊಟ್ಟಿ ಎರಡು ಸೆಕೆಂಡಿನ ಹಾದಿ ಅಷ್ಟೇ. ಮೂತಿ ಏಳುವ ಮೊದಲೇ ಗೋಡೆ ಬರುತ್ತದೆ. ಒಮ್ಮೆ ನಮ್ಮ ಮಾದರಿಯ ಮೂತಿ ಹೀಗೆಯೇ ಇಟ್ಟಿಗೆಗೆ ಬಡಿದು ಬಿರುಕು ಬಿಟ್ಟು, ತೀರ್ಪುಗಾರರು ಬರುವ ಹೊತ್ತಿಗೆ ಎಂ-ಸೀಲ್ ಮೆತ್ತಿಕೊಂಡು ನಿಂತಿತ್ತು. ಸರಯೂವಾದರೆ 16 ನಾಟ್‌ಗೆ ಸಮನಾದ ನಿಧಾನದ ವೇಗದಲ್ಲಿ ತೊಟ್ಟಿಯಲ್ಲಿ ಗಂಭೀರವಾಗಿ ಸಾಗುತ್ತದೆ, ನೋಡುವವರಿಗೆ ಹೆಲಿಕಾಪ್ಟರ್ ಡೆಕ್ಕನ್ನು ತೋರಿಸಲೂ ಸಮಯ ಸಿಗುತ್ತದೆ. ಶಾಂತಿಸಾಗರದಂತಹ ವಿಸ್ತಾರವಾದ ಕೆರೆಯ ಅಂಚು ಸಿಕ್ಕಿ, ವಿಡಿಯೊ ಮಾಡಿ ತೋರಿಸುವ ಅವಕಾಶವಿದ್ದರೆ ಕಾರ್ ನಿಕೋಬಾರ್‌ನ ಸೊಗಸಿಗೆ ಸಾಟಿಯಿಲ್ಲ. ಬೆಳಗಿನ ಏಳು ಗಂಟೆಯೊಳಗೆ ಮುಗಿಸಿಕೊಳ್ಳಿ. ಬಿಸಿಲೇರಿದ ಮೇಲೆ ಗಾಳಿ ಎದ್ದರೆ ಗೇಣುದ್ದದ ಅಲೆಯೂ ಐದು ಕಿಲೋ ಮಾದರಿಗೆ ಚಂಡಮಾರುತವೇ.

ಕೆರೆಗೆ ಹೋಗುವವರಿಗೆ ಜೆಟ್‌ನ ಒಂದು ತೊಡಕನ್ನು ಹೇಳಲೇಬೇಕು. ನಮ್ಮ ಮೊದಲ ಓಟದಲ್ಲಿ ದೋಣಿ ಮೂವತ್ತು ಮೀಟರ್ ಹೋಗಿ ಎಡಕ್ಕೆ ವಾಲಿ ತನ್ನ ಸುತ್ತಲೇ ತಿರುಗತೊಡಗಿತು. ಎಳೆದು ತಂದು ಬೋರಲು ಹಾಕಿ ನೋಡಿದರೆ ಎಡಗಡೆಯ ಜೆಟ್‌ನ ಬಾಯಿಯಲ್ಲಿ ಅಂತರಗಂಗೆಯ ಬೇರು ಕೂದಲಿನ ಗಂಟಿನಂತೆ ಸುತ್ತಿಕೊಂಡಿತ್ತು. ಚಿಮಟದಲ್ಲಿ ಎಳೆದಾಗ ಬೇರಿನ ಜೊತೆ ಒಂದು ಬೆರಳಷ್ಟು ಗಾತ್ರದ ಬಸವನಹುಳುವೂ ಬಂತು. ನಿಜವಾದ ದೋಣಿಗಳಲ್ಲಿ ಆ ಬಾಯಿಗೆ ಸರಳುಗಳ ಜಾಲರಿ ಇರುತ್ತದೆ. ನಾವು ಸ್ಟೀಲಿನ ಚಹಾ ಸೋಸುವ ಜರಡಿಯನ್ನು ಕತ್ತರಿಸಿ ಕೂರಿಸಿದೆವು. ಕಣ್ಣು ತೀರಾ ಸಣ್ಣದಾಗಿ ನೀರೇ ಹೋಗಲಿಲ್ಲ. ಕೊನೆಗೆ ಸೈಕಲ್ಲಿನ ಸ್ಪೋಕ್ ತುಂಡುಗಳನ್ನು ನಾಲ್ಕು ಮಿಲಿಮೀಟರ್ ಅಂತರದಲ್ಲಿ ಬೆಸೆದದ್ದು ಕೆಲಸ ಮಾಡಿತು.

ಮೂರು ಜೆಟ್ ಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಆನ್‌ಲೈನ್‌ನಲ್ಲಿ ತರಿಸಿದ ಸಿದ್ಧ ಜೆಟ್‌ಗಳಲ್ಲಿ ಒಂದರ ಸೀಲ್ ಮೊದಲ ದಿನವೇ ಸೋರಿ ಮೋಟರ್ ಸುಟ್ಟಿತು. ಮಾರಿದವರು ಹಣ ಹಿಂತಿರುಗಿಸಲಿಲ್ಲ. ಬಳಿಕ ಹರಿಹರದ ಒಬ್ಬ ಹಳೆಯ ಲೇತ್ ಕೆಲಸಗಾರರ ಬಳಿ ಹಿತ್ತಾಳೆಯ ಮೂತಿಗಳನ್ನು ತಿರುಗಿಸಿಕೊಂಡೆವು. ಅವರು ನಕ್ಷೆಯನ್ನು ನೋಡಿ, “ಮೂರಕ್ಕೂ ಮೋಟರ್ ಯಾಕ್ ಹಾಕ್ತೀರಿ ಮೇಷ್ಟ್ರೇ, ನಡುವಿಂದು ಬರೇ ತೋರಿಕಿಗೆ ಇರ್ಲಿ, ಭಾರ ಕಮ್ಮಿ ಆಕ್ಕೈತಿ” ಎಂದರು. ಸರಿಯಾದ ಮಾತು. ಎರಡು ಜೆಟ್‌ಗೆ ಮೋಟರ್ ಕೊಟ್ಟು ನಡುವಿನದನ್ನು ಖಾಲಿ ಬಿಟ್ಟರೆ ಅರ್ಧ ಕಿಲೋ ಉಳಿಯುತ್ತದೆ, ಬ್ಯಾಟರಿಗೆ ಜಾಗವೂ ಸಿಗುತ್ತದೆ. ಶಕ್ತಿಯ ಲೆಕ್ಕದಲ್ಲಿ 8,160 ಕಿಲೋವ್ಯಾಟ್ ಈ ಅಳತೆಗೆ ಇಳಿದಾಗ ಕೇವಲ 20 ವ್ಯಾಟ್ ಆಗುತ್ತದೆ. ಆದರೆ ಚಿಕ್ಕ ಜೆಟ್‌ನ ದಕ್ಷತೆ ಕಡಿಮೆ, ಮಾದರಿಗೆ ನೀರಿನ ಘರ್ಷಣೆಯ ಪಾಲು ಹೆಚ್ಚು, ಆದ್ದರಿಂದ ಅದರ ಹಲವು ಪಟ್ಟು ಮೋಟರ್ ಹಾಕದೆ ಮೂತಿ ಏಳುವುದಿಲ್ಲ. ಸರಯೂವಿನ ಎರಡು ಪ್ರೊಪೆಲ್ಲರ್‌ಗಳಿಗೆ ಇಷ್ಟು ಕಾಟವಿಲ್ಲ. ಅಂಗಡಿಯಲ್ಲಿ ಸಿಗುವ ಬಿಡಿಭಾಗ, ಕೊಳವೆಗೆ ತುಂಬಿದ ಗ್ರೀಸ್, ಎರಡು ಸಾಮಾನ್ಯ ಮೋಟರ್ ಸಾಕು.

ಸರಯೂವಿನ ಕಷ್ಟ ಬೇರೆ. ಉದ್ದಕ್ಕೆ ಹೋಲಿಸಿದರೆ ಅದರ ಒಡಲು ಕಿರಿದು, ಮೇಲಿನ ಕಟ್ಟಡವೂ ಕಂಬವೂ ಎತ್ತರ. ಮೇಲಿನ ಭಾಗವನ್ನು ಪ್ಲೈವುಡ್‌ನಲ್ಲಿ ಕಟ್ಟಿದರೆ ಮಾದರಿ ನೀರಿಗಿಳಿದ ಕೂಡಲೇ ಮಗ್ಗುಲಾಗುತ್ತದೆ. ಹಡಗು ಕಟ್ಟುವವರಿಗೂ ಇದೇ ಚಿಂತೆ. ಆದೇಶ್ ವರ್ಗದಲ್ಲಿ ಒಡಲು ಉಕ್ಕಿನದಾಗಿದ್ದು ಮೇಲಿನ ಕಟ್ಟಡ ಅಲ್ಯೂಮಿನಿಯಂನದಾಗಿರುವುದು ಈ ಕಾರಣಕ್ಕೇ. ಮೇಲ್ಭಾಗಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಬಳಸಿ, ಬ್ಯಾಟರಿಯನ್ನು ತಳಕ್ಕೆ ಇಳಿಸಿ, ಡೆಕ್ಕಿನ ಒಂದು ಅಂಚಿನಲ್ಲಿ ನೂರು ಗ್ರಾಂ ತೂಕವಿಟ್ಟು ಎಷ್ಟು ವಾಲುತ್ತದೆಂದು ಬಣ್ಣ ಹಚ್ಚುವ ಮೊದಲೇ ನೋಡಿಕೊಳ್ಳಬೇಕು.

ಅಳತೆಗಳ ಅಂದಾಜು ಕಣ್ಣಿಗೆ ಕೂರಬೇಕಾದರೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿರುವ ಚಪಲ್ ನೌಕೆಯನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. ಅದು ಗಸ್ತು ದೋಣಿಯಲ್ಲ, ಕ್ಷಿಪಣಿ ದೋಣಿ, ಉದ್ದ 38.6 ಮೀಟರ್. ಅದರ ಇಕ್ಕಟ್ಟಾದ ಒಳಗೋಣೆಗಳಲ್ಲಿ ತಲೆ ತಗ್ಗಿಸಿ ನಡೆದವರಿಗೆ ಕಾರ್ ನಿಕೋಬಾರ್‌ನಲ್ಲಿ ಆರು ದಿನ ಕಳೆಯುವುದು ಹೇಗಿರುತ್ತದೆಂದು ಯಾರೂ ಹೇಳಬೇಕಾಗಿಲ್ಲ. ಮಾದರಿಯ ವಿವರಗಳಿಗೆ ನೌಕಾಪಡೆ ತಾನೇ ಪ್ರಕಟಿಸಿದ ಚಿತ್ರಗಳು ಸಾಕು. ನೌಕಾನೆಲೆಯ ಬೇಲಿಯ ಬಳಿ ಮೊಬೈಲ್ ಹಿಡಿದು ನಿಲ್ಲುವ ಸಾಹಸ ಬೇಡ.

ಪ್ರೌಢಶಾಲೆಯ ಮಕ್ಕಳಿಗೆ, ಮೊದಲ ಬಾರಿ ಮಾಡುವವರಿಗೆ, ತೊಟ್ಟಿಯಲ್ಲಿ ತೋರಿಸುವವರಿಗೆ ನಾನು ಸರಯೂವನ್ನೇ ಹೇಳುತ್ತೇನೆ. ಬೆಸುಗೆ, ಲೇತ್, ಮೋಟರ್‌ಗಳ ಕೆಲಸ ಬಲ್ಲ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಕೆರೆ ಹತ್ತಿರವಿರುವವರಿಗೆ ಕಾರ್ ನಿಕೋಬಾರ್. ಅದೇ ಕೆಲಸವನ್ನು ಬಿಳಿ ಬಣ್ಣದಲ್ಲಿ ಮಾಡಬೇಕೆನ್ನುವವರಿಗೆ ರಾಣಿ ಅಬ್ಬಕ್ಕ. ಈ ಸಲದ ತಂಡದಲ್ಲಿ ಐವರು ಹುಡುಗಿಯರಿದ್ದಾರೆ. ನಾನು ತೊಟ್ಟಿಯ ಅಳತೆ ಹೇಳಿ ಸರಯೂ ಎಂದೆ, ಅವರು ಅಬ್ಬಕ್ಕ ಎಂದರು. ಒಡಲಿನ ಫೈಬರ್ ಅಚ್ಚು ಒಣಗುತ್ತಿದೆ. ತೊಟ್ಟಿಯ ತುದಿಯ ಗೋಡೆಗೆ ಕಟ್ಟಲು ಹಳೆಯ ಹಾಸಿಗೆಯ ಹತ್ತಿಯನ್ನು ಚೀಲದಲ್ಲಿ ತುಂಬಿಸಿ ಈಗಲೇ ತಂದಿಟ್ಟಿದ್ದಾರೆ.